ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವ ಅಣ್ಣನ ಮಗನಿಗೆ

ಮಡಿಕೇರಿ ತಾಲ್ಲೂಕು,
ಆಗಸ್ಟ್ ಮೊದಲ ವಾರ

ಚಿ. ಪ್ರಜ್ವಲನಿಗೆ ಚಿಕ್ಕಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಆಟಿ ತಿಂಗಳ ಹದಿನೆಂಟಕ್ಕೆ ನಿನ್ನ ಚಿಕ್ಕಮ್ಮ ಸೊಪ್ಪಿನ ಪಾಯಸ ಮಾಡಿದ್ದಳು. ನಿನ್ನ ಪಾಲನ್ನೂ ನಾನೇ ತಿಂದೆ.

ನೀನು ಕಳಿಸಿದ ರೆಸ್ಯೂಮೆ ಓದಿದೆ. ಕಂಪನಿಯಲ್ಲಿದ್ದಷ್ಟು ಕಾಲ ಇಂಥವನ್ನು ರಾಶಿ ರಾಶಿ ನೋಡಿದವನು ನಾನು. ಒಂದಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ಅಪರೂಪ. ನಿನ್ನದರಲ್ಲಿ ಮೊದಲ ಅರ್ಧ ಪುಟ ಜಾವಾ, ಸ್ಪ್ರಿಂಗ್ ಬೂಟ್, ಡಾಕರ್, ಕುಬರ್ನೆಟೀಸ್ ಎಂಬ ಸಾಫ್ಟ್‌ವೇರ್ ಸಾಧನಗಳ ಹೆಸರುಗಳಿಗೇ ಹೋಯಿತು. ಅದರ ಕೆಳಗೆ ಬ್ಯಾಕೆಂಡ್ (ಸರ್ವರ್ ಕಡೆಯ) ಕೆಲಸದ ಜವಾಬ್ದಾರಿ ನಿಭಾಯಿಸಿದ್ದೇನೆ ಎಂದು ಒಂದು ಸಾಲು. ನಿನ್ನ ಜೊತೆ ಕೆಲಸ ಕಳೆದುಕೊಂಡ ಎಲ್ಲರ ರೆಸ್ಯೂಮೆಯಲ್ಲೂ ಆ ಸಾಲು ಇದ್ದೇ ಇರುತ್ತದೆ.

ಹುತ್ತರಿ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಕೂತು ನೀನು ಬೇರೇನೋ ಹೇಳಿದ್ದೆಯಲ್ಲ. ತಿಂಗಳ ಕೊನೆಯ ರಿಪೋರ್ಟ್ ಬರಲು 40 ನಿಮಿಷ ಹಿಡಿಯುತ್ತಿತ್ತು. ಪ್ರತಿ ಗ್ರಾಹಕನಿಗೂ ಪ್ರೋಗ್ರಾಂ ಡೇಟಾಬೇಸ್‌ಗೆ ಬೇರೆ ಬೇರೆ ಕ್ವೆರಿ, ಅಂದರೆ ಪ್ರಶ್ನೆ, ಕಳಿಸುತ್ತಿದೆ ಎಂದು ಲಾಗ್ ನೋಡಿ ಪತ್ತೆ ಹಚ್ಚಿದೆ. ಎಲ್ಲವನ್ನೂ ಒಂದೇ ಕ್ವೆರಿಗೆ ತಂದು, ಬೇಗ ಹುಡುಕಲು ಸರಿಯಾದ ಕಾಲಮ್ಮಿಗೆ ಇಂಡೆಕ್ಸ್ ಹಾಕಿದ ಮೇಲೆ 3 ನಿಮಿಷಕ್ಕೆ ಇಳಿಯಿತು. ಅಷ್ಟು ಉತ್ಸಾಹದಿಂದ ಹೇಳಿದವನು ರೆಸ್ಯೂಮೆಯಲ್ಲಿ ಅದರ ಸುಳಿವೂ ಕೊಟ್ಟಿಲ್ಲ. ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲ ನೋಡಲು ಎಷ್ಟೇ ಚೆನ್ನಾಗಿರಲಿ, ಕಾಫಿ ವ್ಯಾಪಾರಿ ಕೇಳುವುದು ಔಟ್‌ಟರ್ನ್ ಎಷ್ಟು, 50 ಕೆಜಿಯಲ್ಲಿ ಬೀಜ ಎಷ್ಟು ಕೆಜಿ ಬಂತು ಎಂದೇ. ಕೆಲಸ ಕೊಡುವವನ ಪ್ರಶ್ನೆಯೂ ಅದೇ. ಆ 40 ಮತ್ತು 3ರ ಕಥೆಯನ್ನು ಎರಡು ಸಾಲಲ್ಲಿ ಮೇಲೆ ಬರೆ. ಅಂಥವು ಇನ್ನೂ ಎರಡು ಮೂರು ನಿನ್ನ ಹತ್ತಿರ ಇದ್ದೇ ಇರುತ್ತವೆ. ಹೆಸರುಗಳ ಪಟ್ಟಿ ಕೊನೆಗೆ ಹೋಗಲಿ.

2001ರಲ್ಲಿ ಡಾಟ್‌ಕಾಂ ಕಂಪನಿಗಳು ಬಿದ್ದಾಗಲೂ, 2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿದಾಗಲೂ ನಾನು ಬೆಂಗಳೂರಿನಲ್ಲೇ ಇದ್ದೆ. ಆಗ ಸುಮ್ಮನೆ ತಡೆದುಕೊಂಡವರಿಗೂ ಸ್ವಲ್ಪ ದಿನದಲ್ಲಿ ಹಳೆಯ ಥರದ ಕೆಲಸವೇ ಸಿಕ್ಕಿತು. ಈ ಸಲ ಹಾಗೆ ಕಾಯುತ್ತಾ ಕೂರಬೇಡ ಎನ್ನುತ್ತೇನೆ. ಹೇಳಿಕೊಟ್ಟ ಕೋಡನ್ನು ಬರೆದು ಕೊಡಲು ಈಗ ಚಾಟ್‌ಜಿಪಿಟಿ, ಕೋಪೈಲಟ್ ಇವೆ. ಏನು ಬರೆಸಬೇಕು, ಬರೆದದ್ದು ಎಲ್ಲಿ ತಪ್ಪಿದೆ ಎಂದು ಹೇಳುವವನಿಗೆ ಬೆಲೆ. ಅದು ನಿನಗೆ ಬರುತ್ತದೆ ಎಂದು ತೋರಿಸಲು ಯೂಟ್ಯೂಬ್ ನೋಡಿ ಮಾಡಿದ ಟು-ಡೂ ಲಿಸ್ಟ್ ಆ್ಯಪ್ ಸಾಲದು.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ, ಮಾಡು. ನಮ್ಮ ಮಳೆ ಪುಸ್ತಕ ನಿನಗೆ ಗೊತ್ತು. ಕೊಡಗಿನಲ್ಲಿ ತೋಟ ಇರುವ ಮನೆಗಳಲ್ಲಿ ಇಂಥದ್ದೊಂದು ಇರುತ್ತದೆ. ಬೆಳಿಗ್ಗೆ ಮಳೆಯ ಅಳತೆ ನೋಡಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆಯುವುದು ನಿನ್ನ ಅಜ್ಜನ ಕಾಲದಿಂದ ನಡೆದುಬಂದಿದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದಾದ ಮೇಲೆ ಬೇಕಾಗುವ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಎಂದು ತಿಳಿಯಲು ಹಳೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಬೇಕು. ಇದಕ್ಕೊಂದು ಆ್ಯಪ್ ಮಾಡು. ಸುಲಭ ಎನ್ನಿಸುತ್ತದೆ ಅಲ್ಲವಾ? ಶುರು ಮಾಡು, ಗೊತ್ತಾಗುತ್ತದೆ. ಕೆಳಗಿನ ತೋಟದಲ್ಲಿ ಸಿಗ್ನಲ್ ಇಲ್ಲ. ಬರೆದದ್ದು ಫೋನಿನಲ್ಲೇ ಉಳಿದು, ಮೇಲೆ ರಸ್ತೆಗೆ ಬಂದಾಗ ಸರ್ವರ್‌ಗೆ ಹೋಗಬೇಕು. ಅಷ್ಟರಲ್ಲಿ ನಿನ್ನಪ್ಪ ಮನೆಯಿಂದ ಅದೇ ದಿನಕ್ಕೆ ಬೇರೆ ಅಂಕಿ ಹಾಕಿದ್ದರೆ ಯಾವುದು ನಿಲ್ಲಬೇಕು? ಮದುವೆಗೆ ಹೋಗಿ ಒಂದು ದಿನ ಅಳತೆ ನೋಡದೇ ಇದ್ದರೆ ಮಾರನೆಯ ದಿನ ಸಿಗುವುದು ಎರಡು ದಿನದ ಮಳೆ. ಅದನ್ನು ಹೇಗೆ ಬರೆದಿಡುತ್ತೀಯ? ಖಾಲಿ ಬಿಟ್ಟ ದಿನವೂ ಸೊನ್ನೆ ಬಿದ್ದ ದಿನವೂ ಒಂದೇ ಆಗಬಾರದು. ಪೇಪರಿನವರು ಮಿಲಿಮೀಟರಿನಲ್ಲಿ ಕೊಡುತ್ತಾರೆ, ನಾವು ಇಂಚಿನಲ್ಲಿ. ಒಂದು ಇಂಚೆಂದರೆ 25.4 ಮಿ.ಮೀ. ಆ ಕಡೆ ಈ ಕಡೆ ತಿರುಗಿಸುವಾಗ ದಶಮಾಂಶ ಎಲ್ಲಿ ಬಿಡುತ್ತೀಯ ಎಂಬುದರ ಮೇಲೆ ವರ್ಷದ ಮೊತ್ತ ಬದಲಾಗುತ್ತದೆ.

ಮಾಡಿದ ಮೇಲೆ ಅಕ್ಕಪಕ್ಕದ ತೋಟದವರಿಗೂ ಕೊಡೋಣ. ಬೈಯುತ್ತಾರೆ, ಅದನ್ನೆಲ್ಲ ಬರೆದಿಟ್ಟುಕೋ. ಕೋಡನ್ನು ಎಲ್ಲರೂ ನೋಡುವಂತೆ ಗಿಟ್‌ಹಬ್ ಜಾಲತಾಣಕ್ಕೆ ಹಾಕಿ, ಯಾಕೆ ಹೀಗೆ ಮಾಡಿದೆ ಎಂದು ಒಂದು ಪುಟ ಬರೆ. ಎಐ ಹತ್ತಿರ ಬರೆಸಿದರೂ ಅಡ್ಡಿಯಿಲ್ಲ, ಪ್ರತಿ ಸಾಲೂ ಯಾಕಿದೆ ಎಂದು ಕೇಳಿದರೆ ತಡವರಿಸಬಾರದು ಅಷ್ಟೇ. ನಾನು ಸಂದರ್ಶನ ಮಾಡುವಾಗ ಇಂಥವನು ಸಿಕ್ಕಿದರೆ ಉಳಿದ ಪ್ರಶ್ನೆಗಳನ್ನೇ ಮರೆಯುತ್ತಿದ್ದೆ. ಹಾಗೆಂದು ಅರೇ, ಟ್ರೀ, ಗ್ರಾಫ್‌ಗಳ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸುವ ಅಭ್ಯಾಸ ಬಿಡಬೇಡ. ಸಂದರ್ಶನದ ಮೊದಲ ಸುತ್ತು ದಾಟಿಸುವುದು ಅದೇ. ಬಾಯಿಬಿಟ್ಟು ಹೇಳುತ್ತಾ ಬಿಡಿಸು. ಕೇಳಲು ಯಾರೂ ಇಲ್ಲದಿದ್ದರೆ ನನಗೆ ಫೋನ್ ಮಾಡು.

ನೌಕ್ರಿ ಜಾಲತಾಣದಲ್ಲಿ ಕಂಡಕಂಡ ಕಡೆ ಅಪ್ಲೈ ಒತ್ತುವುದನ್ನು ಕಡಿಮೆ ಮಾಡು. ಹಳೆಯ ಟೀಮಿನವರು ಈಗ ಎಲ್ಲೆಲ್ಲಿ ಇದ್ದಾರೆ ನೋಡು. ಅವರಿಗೆ "ಏನಾದರೂ ಓಪನಿಂಗ್ ಇದೆಯಾ" ಎಂದು ಕಳಿಸಿದರೆ "ನೋಡ್ತೀನಿ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಅವರ ಕಂಪನಿಯ ಪುಟದಲ್ಲಿ ನಿನಗೆ ಹೊಂದುವ ಒಂದು ಹುದ್ದೆ ಹುಡುಕಿ, ಅದರ ಲಿಂಕ್ ಮತ್ತು ನಿನ್ನ ಬಗ್ಗೆ ನಾಲ್ಕು ಸಾಲು ಕಳಿಸು. ಅವರು ಅದನ್ನೇ ಎತ್ತಿ ಮ್ಯಾನೇಜರಿಗೆ ಕಳಿಸುವಂತಿರಬೇಕು. ಕೆಲಸ ಹೋಯಿತೆಂದು ಹೇಳಲು ನಾಚಿಕೆ ಯಾಕೆ? ಕೋವಿಡ್ ಹೊತ್ತಿನಲ್ಲಿ ಲೆಕ್ಕವಿಲ್ಲದೆ ಸೇರಿಸಿಕೊಂಡವರೇ ಆಮೇಲೆ ಕಳಿಸಿದ್ದು. ನಾಳೆಯೇ ಸೇರಬಲ್ಲೆ ಎಂಬುದನ್ನು ಪ್ರೊಫೈಲಿನ ಮೊದಲ ಸಾಲಿನಲ್ಲೇ ಹಾಕು. ಮೂರು ತಿಂಗಳ ನೋಟಿಸ್ ಪೀರಿಯಡ್ ಇರುವವರ ನಡುವೆ ಅದೇ ನಿನ್ನ ಅನುಕೂಲ. ಮೈಸೂರು, ಮಂಗಳೂರಿನ ಕಂಪನಿಗಳನ್ನೂ ನೋಡು, ಸಂಬಳ ಸ್ವಲ್ಪ ಕಡಿಮೆಯಾದರೂ ಪಿಜಿ ಬಾಡಿಗೆಯೂ ಕಡಿಮೆ.

ಇನ್ನೊಂದು. ಪಿಎಫ್ ಪೋರ್ಟಲ್‌ನಲ್ಲಿ ನೀನು ಕೆಲಸ ಬಿಟ್ಟ ದಿನಾಂಕ ಬಿದ್ದಿದೆಯಾ ನೋಡು. ಕಂಪನಿ ಹಾಕಿಲ್ಲದಿದ್ದರೆ ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನೀನೇ ಹಾಕಬಹುದು. ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲಿಸುವಾಗ ಅದನ್ನೂ ನೋಡುತ್ತಾರೆ. ದುಡ್ಡು ಕೊಟ್ಟರೆ ಎರಡು ವರ್ಷದ ಅನುಭವದ ಪತ್ರ ಕೊಡುತ್ತೇವೆ ಎನ್ನುವ ಕನ್ಸಲ್ಟೆನ್ಸಿಗಳ ಬಾಗಿಲಿಗೆ ಹೋಗಬೇಡ. ಪಿಎಫ್ ದಾಖಲೆಯಲ್ಲಿ ಅದು ಸಿಕ್ಕಿಬೀಳುತ್ತದೆ, ಆಮೇಲೆ ನಿಜವಾದ ಅನುಭವವನ್ನೂ ಯಾರೂ ನಂಬುವುದಿಲ್ಲ. ಸೇರುವ ಮೊದಲು ಡೆಪಾಸಿಟ್ ಕೇಳುವವರೂ ಅದೇ ಜಾತಿ.

ಬಾಡಿಗೆ ಭಾರವಾಗುತ್ತಿದ್ದರೆ ಮನೆಗೆ ಬಾ. ಊರಿನವರು ಕೇಳುತ್ತಾರೆ, ಕೇಳಲಿ. ಆದರೆ ಈ ಮಳೆಯಲ್ಲಿ ವಿಡಿಯೊ ಸಂದರ್ಶನವನ್ನು ಮನೆಯಿಂದ ಕೊಡಬೇಡ. ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಕುಶಾಲನಗರದಲ್ಲಿ ನನ್ನ ಸ್ನೇಹಿತರ ಮನೆಯಲ್ಲಿ ಒಂದು ಕೋಣೆ ಕೇಳಿದ್ದೇನೆ, ಸಂದರ್ಶನದ ದಿನ ಅಲ್ಲಿಗೆ ಹೋಗಬಹುದು. ಉಳಿದ ದಿನಗಳಿಗೆ ರೂಟರಿಗೆ ಹಾಕುವ ಸಣ್ಣ ಯುಪಿಎಸ್ ಒಂದು ಬೇಕು. ಬೆಂಗಳೂರಿನಲ್ಲೇ ನೋಡಿ ತೆಗೆದುಕೊಂಡು ಬಾ, ದುಡ್ಡು ನಾನು ಕೊಡುತ್ತೇನೆ.

ಇಂತು,
ನಿನ್ನ ಚಿಕ್ಕಪ್ಪ