ಸ್ಕ್ರೀನಿನ ಪಕ್ಕದಲ್ಲಿದ್ದ ನೋಟ್‌ಬುಕ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನಗೆ ಬಿಸಿನೆಸ್ ಅನಲಿಸ್ಟ್ ಕೆಲಸ ಸಿಕ್ಕಿತೆಂದು ಅಮ್ಮ ಫೋನಿನಲ್ಲಿ ಹೇಳಿದಾಗ ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಅಕ್ಕನದೂ ಅದೇ ಕೆಲಸ, ತಮ್ಮನದೂ ಅದೇ ಕೆಲಸ, ಅದು ಏನು ಕೆಲಸ ಎಂದು ಮಾತ್ರ ಇಬ್ಬರೂ ಹೇಳುವುದಿಲ್ಲ." ಒಂಬತ್ತು ವರ್ಷಗಳಿಂದ ಅವರಿಗೆ ಸರಿಯಾದ ಉತ್ತರ ಕೊಟ್ಟಿಲ್ಲ, ನಿಜ. ಕೋಡ್ ಬರೆಯುವವಳಲ್ಲ, ಮಾರಾಟ ಮಾಡುವವಳಲ್ಲ, ಯಾರ ಮೇಲೂ ಅಧಿಕಾರವಿಲ್ಲ. ಮತ್ತೆ ಸಂಬಳ ಯಾವುದಕ್ಕೆ? ಈ ಪತ್ರ ಓದಿದ ಮೇಲೆ ನೀನೇ ಅಪ್ಪನಿಗೆ ವಿವರಿಸು.

ಮೊದಲು ನನ್ನ ಮಾನ ಹೋದ ದಿನದ ಕಥೆ ಹೇಳುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಯಂತ್ರಗಳ ಬಿಡಿಭಾಗ ಪೂರೈಸುವ ಒಂದು ಕಂಪನಿಯಲ್ಲಿದ್ದೆ. ಆರ್ಡರ್ ತೆಗೆದುಕೊಳ್ಳುವ ಹಳೆಯ ವ್ಯವಸ್ಥೆಯನ್ನು ಬದಲಿಸಬೇಕಿತ್ತು. ಆರು ವಾರ ನಾಲ್ವರು ಮ್ಯಾನೇಜರುಗಳ ಜೊತೆ ಮೀಟಿಂಗ್ ಮಾಡಿ ಹೊಸ ವ್ಯವಸ್ಥೆ ಏನೇನು ಮಾಡಬೇಕು ಎಂದು ಹೇಳುವ 62 ಪುಟಗಳ ರಿಕ್ವೈರ್‌ಮೆಂಟ್ ದಾಖಲೆ ಬರೆದೆ. ಎಲ್ಲರೂ ಸಹಿ ಹಾಕಿದರು. ಡೆವಲಪರುಗಳು ಕಟ್ಟಿದರು, ಟೆಸ್ಟರುಗಳು ಪರೀಕ್ಷಿಸಿದರು. ಕೊನೆಗೆ ಬಳಕೆದಾರರೇ ಕುಳಿತು ನೋಡುವ ದಿನ ಬಂತು. ಆರ್ಡರ್ ಮೇಜಿನಲ್ಲಿ 19 ವರ್ಷ ಕೆಲಸ ಮಾಡಿದ್ದ ಹಿರಿಯ ಮಹಿಳೆಯೊಬ್ಬರು ಕನ್ನಡಕ ಏರಿಸಿಕೊಂಡು ನಮ್ಮ ಹೊಸ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟು, "ಇದನ್ನು ಎಲ್ಲಿ ಬರೆಯಲಿ?" ಎಂದರು.

ಆ ಪುಸ್ತಕ ನಾನು ಎಂದೂ ನೋಡದಿದ್ದದ್ದು. ಅದರ ತುಂಬ ಗ್ರಾಹಕರ ಹೆಸರು, ಪ್ರತಿಯೊಂದರ ಎದುರು ಪೆನ್ಸಿಲಿನಲ್ಲಿ ಒಂದು ಗುರುತು. ನೂರು ಬೇರಿಂಗ್ ಕೇಳಿದವರಿಗೆ ಗೋದಾಮಿನಲ್ಲಿ ಅರವತ್ತೇ ಇದ್ದರೆ ಏನು ಮಾಡಬೇಕು ಎಂಬುದರ ಗುರುತು. ಕೆಲವರಿಗೆ ಇದ್ದಷ್ಟು ಕಳುಹಿಸಿ, ಉಳಿದದ್ದು ಆಮೇಲೆ. ಕೆಲವರಿಗೆ ಎಲ್ಲವೂ ಒಟ್ಟಿಗೇ ಹೋಗಬೇಕು, ಇಲ್ಲವಾದರೆ ವಾಪಸ್ ಬರುತ್ತದೆ. ಇನ್ನು ಕೆಲವರು ಉಳಿದದ್ದನ್ನು ರದ್ದು ಮಾಡಿ ಬೇರೆ ಕಡೆ ಕೊಳ್ಳುತ್ತಾರೆ. ಹಳೆಯ ವ್ಯವಸ್ಥೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ, ಆದ್ದರಿಂದ ಅವರು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದರು. ನಾಲ್ವರು ಮ್ಯಾನೇಜರುಗಳಲ್ಲಿ ಒಬ್ಬರಿಗೂ ಈ ಪುಸ್ತಕ ಗೊತ್ತಿರಲಿಲ್ಲ. ಸಮಸ್ಯೆ ಅವರ ತನಕ ಬರದಂತೆ ಆಕೆ 19 ವರ್ಷ ನೋಡಿಕೊಂಡಿದ್ದರು!

ನನ್ನ ದಾಖಲೆಯಲ್ಲಿ ಏನು ಬರೆದಿದ್ದೆ ಗೊತ್ತೇ? "ಆರ್ಡರ್ ಪೂರ್ಣಗೊಂಡಾಗ ಗ್ರಾಹಕರಿಗೆ ಬಿಲ್ ಕಳುಹಿಸಬೇಕು." ಓದುವುದಕ್ಕೆ ಎಷ್ಟು ಚೆನ್ನಾಗಿದೆ. ಆ ದಿನ ಸಂಜೆ ಮೂರು ವಿಭಾಗಗಳಿಗೆ ಹೋಗಿ "ಪೂರ್ಣ ಎಂದರೆ ಏನು?" ಎಂದು ಕೇಳಿದೆ. ಗೋದಾಮಿನವರಿಗೆ ಸರಕು ಲಾರಿ ಹತ್ತಿದರೆ ಪೂರ್ಣ. ಲೆಕ್ಕಪತ್ರದವರಿಗೆ ಹಣ ಬಂದರೆ ಪೂರ್ಣ. ಮಾರಾಟದವರಿಗೆ ಗ್ರಾಹಕ ಆರ್ಡರಿಗೆ ಒಪ್ಪಿಗೆ ಕೊಟ್ಟ ಕ್ಷಣವೇ ಪೂರ್ಣ. ಆರು ವಾರ ಒಂದೇ ಕೋಣೆಯಲ್ಲಿ ಕೂತು ಒಂದೇ ಪದ ಬಳಸುತ್ತಾ ಎಲ್ಲರೂ ತಲೆಯಾಡಿಸಿದ್ದೆವು. ಯೋಜನೆ ಎರಡು ತಿಂಗಳು ತಡವಾಯಿತು.

ನಮ್ಮ ಕೆಲಸ ನನಗೆ ಅರ್ಥವಾದದ್ದು ಅಂದು: ಬಳಸುವವರಿಗೆ ನಿಜಕ್ಕೂ ಏನು ಬೇಕೆಂದು ತಿಳಿದು, ಅದನ್ನು ಕಟ್ಟುವವರಿಗೆ ತಪ್ಪಿಲ್ಲದಂತೆ ಹೇಳುವುದು. ಕಠಿಣ ಪದಗಳು ಯಾರನ್ನೂ ಮುಳುಗಿಸುವುದಿಲ್ಲ, ಅವುಗಳ ಅರ್ಥವನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಳುಗಿಸುವುದು ಎಲ್ಲರಿಗೂ ಗೊತ್ತಿದೆ ಎನ್ನುವ ಸಲೀಸು ಪದಗಳು: ಗ್ರಾಹಕ, ಆರ್ಡರ್, ತಡ, ಸಕ್ರಿಯ, ಮುಗಿದಿದೆ. ನೀನು ಕೆಲಸಕ್ಕೆ ಸೇರಿದ ಮೊದಲ ವಾರವೇ ಇಂಥ ಪದಗಳ ಪಟ್ಟಿ ಶುರು ಮಾಡು. ಪ್ರತಿ ಪದದ ಎದುರು ಯಾವ ವಿಭಾಗದವರು ಅದಕ್ಕೆ ಏನೆನ್ನುತ್ತಾರೆ ಎಂದು ಅವರದೇ ಮಾತಿನಲ್ಲಿ ಬರೆದಿಡು. ಮೊದಲ ಆರು ತಿಂಗಳು ಪೆದ್ದು ಪ್ರಶ್ನೆ ಕೇಳಲು ನಿನಗೆ ಪರವಾನಗಿ ಇರುತ್ತದೆ. ಹೊಸ ಹುಡುಗ, ಕೇಳಲಿ ಬಿಡು ಎನ್ನುತ್ತಾರೆ. ಒಂದು ವರ್ಷದ ಮೇಲೆ ಅದೇ ಪ್ರಶ್ನೆ ಕೇಳಿದರೆ ಹುಬ್ಬೇರಿಸುತ್ತಾರೆ. ಪರವಾನಗಿ ಇರುವಾಗಲೇ ಬಳಸಿಕೋ.

ಎರಡನೆಯದು, "ನಿಮಗೆ ಏನು ಬೇಕು?" ಎಂದು ಯಾರನ್ನೂ ಕೇಳಬೇಡ. ಪುಸ್ತಕಗಳು ಹಾಗೆ ಶುರು ಮಾಡಿಸುತ್ತವೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಆ ಪ್ರಶ್ನೆಗೆ ಜನ ಪರಿಹಾರವನ್ನು ಹೇಳುತ್ತಾರೆ, ತೊಂದರೆಯನ್ನು ಹೇಳುವುದಿಲ್ಲ. ಒಬ್ಬ ಮ್ಯಾನೇಜರ್ ಎಕ್ಸೆಲ್‌ಗೆ ಇಳಿಸಿಕೊಳ್ಳುವ ಬಟನ್ ಬೇಕೆಂದು ಹಟ ಹಿಡಿದರು. ಏಕೆ ಎಂದು ಕೇಳಿದರೆ, ಬೇಕು ಅದಕ್ಕೆ. ಟೊಯೋಟಾದವರ ಹಾಗೆ ಐದು ಸಲ "ಏಕೆ" ಕೇಳಿ ಮೂಲಕ್ಕಿಳಿಯಬೇಕು ಎಂದು ತರಬೇತಿಯಲ್ಲಿ ನಿನಗೂ ಕಲಿಸುತ್ತಾರೆ. ಯಂತ್ರ ಕೆಟ್ಟಾಗ ಅದು ಒಳ್ಳೆಯ ವಿದ್ಯೆಯೇ. ಆದರೆ ಎದುರಿಗೆ ಕೂತಿರುವ ಮನುಷ್ಯರಿಗೆ ಮೂರನೆಯ "ಏಕೆ" ಕೇಳುವಷ್ಟರಲ್ಲಿ ಅದು ಪೊಲೀಸ್ ವಿಚಾರಣೆಯಾಗಿರುತ್ತದೆ. ನಾನು ಬೇರೆ ಥರ ಕೇಳಿದೆ: "ಆ ಫೈಲ್ ಇಳಿಸಿಕೊಂಡ ಮೇಲೆ ಅದರಲ್ಲಿ ಏನು ಮಾಡುತ್ತೀರಿ? ಕಳೆದ ಸೋಮವಾರದ್ದು ತೆರೆದು ತೋರಿಸುತ್ತೀರಾ?" ತೋರಿಸಿದರು. ದಿನಾಂಕದ ಪ್ರಕಾರ ಜೋಡಿಸಿ, ತಡವಾದ ಆರ್ಡರುಗಳಿಗೆ ಹಳದಿ ಬಣ್ಣ ಬಳಿದು, ಉಳಿದದ್ದೆಲ್ಲ ಅಳಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ತಡವಾದ ಆರ್ಡರುಗಳ ಪಟ್ಟಿ. ಅದನ್ನು ಪ್ರತಿ ಸೋಮವಾರ ಬೆಳಿಗ್ಗೆ ತಾನಾಗಿಯೇ ಬರುವಂತೆ ಮಾಡಿದೆವು. ಬಟನ್ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಹಾಗಾಗಿ ಕೆಲಸ ಮಾಡುವವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರು, ಅವರ ಮ್ಯಾನೇಜರ ಜೊತೆ ಮಾತ್ರ ಅಲ್ಲ. ಹಿಂದಿನ ದಿನದ ಕೊನೆಯ ಕೆಲಸವನ್ನು ಮೊದಲಿನಿಂದ ಮಾಡಿ ತೋರಿಸಲು ಹೇಳು. ಪರದೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಪರದೆಯ ಸುತ್ತ ನೋಡು: ಅಂಟಿಸಿದ ಚೀಟಿ, ಪಕ್ಕದ ಕ್ಯಾಲ್ಕುಲೇಟರ್, ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟ ಎಕ್ಸೆಲ್. ಆಮೇಲೆ ತಿಂಗಳ ಕೊನೆಯಲ್ಲಿ ಏನಾಗುತ್ತದೆ, ಅವರು ರಜೆ ಹಾಕಿದರೆ ಯಾರು ಮಾಡುತ್ತಾರೆ ಎಂದು ಕೇಳು. ಎಲ್ಲವೂ ಸರಿಯಿರುವ ದಿನದ ಕಥೆಯನ್ನು ಯಾರು ಬೇಕಾದರೂ ಹೇಳುತ್ತಾರೆ.

ಎಕ್ಸೆಲ್ ಎಂದೆನಲ್ಲ, ಒಂದು ನೆನಪಾಯಿತು. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಒಟ್ಟುಗೂಡಿಸುವಾಗ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಕಾರಣ ಇಷ್ಟೇ: ಹಳೆಯ ಎಕ್ಸೆಲ್ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಮೇಲಿನದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಆ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು. ಒಂದು ಫೈಲಿಗೆ ಅತಿ ಹೆಚ್ಚೆಂದರೆ ಎಷ್ಟು ಸಾಲು ಬರಬಹುದು, ಮಿತಿ ಮೀರಿದರೆ ಯಾರಿಗೆ ಗೊತ್ತಾಗುತ್ತದೆ? ಇವು ಡೆವಲಪರ್ ಕೇಳಲಿ ಎಂದು ಬಿಡುವ ಪ್ರಶ್ನೆಗಳಲ್ಲ, ನಮ್ಮ ಪಟ್ಟಿಯಲ್ಲಿ ಇರಬೇಕಾದವು. ವ್ಯವಸ್ಥೆ ಏನು ಮಾಡಬೇಕು ಎಂದು ಬರೆಯುವ ಉತ್ಸಾಹದಲ್ಲಿ ಎಷ್ಟು, ಎಷ್ಟು ಬೇಗ, ತಪ್ಪಿದರೆ ಏನು ಎಂಬುದನ್ನು ಹೊಸಬರು ಮರೆಯುತ್ತಾರೆ. ನಾನೂ ಮರೆತಿದ್ದೇನೆ.

ಬರವಣಿಗೆಯ ವಿಷಯ. "ವ್ಯವಸ್ಥೆಯು ಭಾಗಶಃ ಆರ್ಡರುಗಳನ್ನು ಸಮರ್ಪಕವಾಗಿ ನಿಭಾಯಿಸಬೇಕು" ಎಂದು ಎಂದಿಗೂ ಬರೆಯಬೇಡ. ಸಮರ್ಪಕವಾಗಿ ಎಂದರೆ ಏನೂ ಅಲ್ಲ. ನೋಟ್‌ಬುಕ್ ಪ್ರಕರಣದ ನಂತರ ನಾನು ಹೀಗೆ ಬರೆದೆ: "ಗ್ರಾಹಕರು 100 ಕೇಳಿದ್ದಾರೆ, ಗೋದಾಮಿನಲ್ಲಿ 60 ಇವೆ, ಈ ಗ್ರಾಹಕರು ಭಾಗಶಃ ಸರಕನ್ನು ಒಪ್ಪುವವರು. ಆರ್ಡರ್ ಖಚಿತಪಡಿಸಿದಾಗ 60ಕ್ಕೆ ಬಿಲ್ ಆಗಬೇಕು, 40 ಬಾಕಿ ಪಟ್ಟಿಗೆ ಹೋಗಬೇಕು, ಎರಡೂ ಸಂಗತಿ ಗ್ರಾಹಕರಿಗೆ ಒಂದೇ ಇಮೇಲಿನಲ್ಲಿ ತಿಳಿಯಬೇಕು." ಇದನ್ನು ಓದಿದ ತಕ್ಷಣ ಟೆಸ್ಟರ್ ಕೇಳಿದರು: 40 ಬರುವಷ್ಟರಲ್ಲಿ ಬೆಲೆ ಏರಿದ್ದರೆ ಯಾವ ದರ? ನಾನು ಯೋಚಿಸಿರಲೇ ಇಲ್ಲ. ಅಂಕಿ ಹಾಕಿ ಬರೆದದ್ದರಿಂದಲೇ ಆ ಪ್ರಶ್ನೆ ಹುಟ್ಟಿತು. ಟೆಸ್ಟರುಗಳ ಸ್ನೇಹ ಸಂಪಾದಿಸು. ನಿನ್ನ ದಾಖಲೆಯನ್ನು ಪೂರ್ತಿ ಓದುವವರು ಅವರೊಬ್ಬರೇ.

ಡೇಟಾಬೇಸಿನಿಂದ ಮಾಹಿತಿ ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿ. ಡೆವಲಪರ್ ಆಗುವಷ್ಟು ಬೇಡ, ಎರಡು ಕೋಷ್ಟಕಗಳನ್ನು ಜೋಡಿಸಿ, ಗುಂಪು ಮಾಡಿ, ಎಣಿಸುವಷ್ಟು ಸಾಕು. ಭಾಗಶಃ ಆರ್ಡರುಗಳ ಮಾತು ಬಂದಾಗ ಮ್ಯಾನೇಜರುಗಳು "ಅದು ಅಪರೂಪ ಬಿಡಿ" ಎಂದಿದ್ದರು. ಎಣಿಸಿ ನೋಡಿದರೆ ಪ್ರತಿ ಆರರಲ್ಲಿ ಒಂದು ಆರ್ಡರ್ ಹಾಗಿತ್ತು. ಆ ಅಂಕಿಯನ್ನು ಮುಂದಿಟ್ಟ ಮೇಲೆ ಯಾರೂ ವಾದಿಸಲಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಸರ್ಟಿಫಿಕೇಟ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀಯೆ. ಐಐಬಿಎ ಎಂಬ ಬಿಸಿನೆಸ್ ಅನಲಿಸ್ಟರ ಅಂತರರಾಷ್ಟ್ರೀಯ ಸಂಸ್ಥೆ 2003ರಲ್ಲಿ ಕೆನಡಾದಲ್ಲಿ ಶುರುವಾದದ್ದು. ಅವರ ಬಾಬೊಕ್ ಎಂಬ ಮಾರ್ಗದರ್ಶಿಯ ಮೂರನೆಯ ಆವೃತ್ತಿ 2015ರಲ್ಲಿ ಬಂತು. ಹೊಸಬರಿಗೆ ಇಸಿಬಿಎ ಎಂಬ ಪರೀಕ್ಷೆಯಿದೆ, ಸಿಬಿಎಪಿ ಸಾವಿರಾರು ಗಂಟೆಗಳ ಅನುಭವ ಇರುವವರಿಗೆ. ಕಂಪನಿ ಶುಲ್ಕ ಕಟ್ಟುವುದಾದರೆ ಬರೆ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೋದರೆ ನಿದ್ದೆ ಖಂಡಿತ. ಅದರಲ್ಲಿರುವ 50 ತಂತ್ರಗಳ ಅಧ್ಯಾಯವನ್ನು ಮಾತ್ರ ಕೈಗೆಟಕುವಲ್ಲಿ ಇಟ್ಟುಕೋ, ಬೇಕಾದಾಗ ಬೇಕಾದದ್ದನ್ನು ತೆಗೆದು ನೋಡಬಹುದು. ಕೆಲಸ ಸಾಗುವ ಹಂತಗಳ ಚಿತ್ರ ಬರೆಯುವ ಬಿಪಿಎಂಎನ್ ಚಿಹ್ನೆಗಳೂ ಹಾಗೆಯೇ, ಹತ್ತಾರಿವೆ. ಚೌಕ, ಬಾಣ, ವಜ್ರಾಕೃತಿ, ಇಷ್ಟರಲ್ಲಿ ಹೇಳಲಾಗದ್ದನ್ನು ಆರ್ಡರ್ ಮೇಜಿನವರ ಮುಂದೆ ಇಡಬೇಡ.

ಈಗ ಎಐ ಸಾಧನಗಳು ಮೀಟಿಂಗಿನ ಟಿಪ್ಪಣಿ ಬರೆಯುತ್ತವೆ, ಬಳಕೆದಾರರಿಗೆ ಏನು, ಏಕೆ ಬೇಕು ಎಂದು ಒಂದೆರಡು ಸಾಲಿನಲ್ಲಿ ಹೇಳುವ ಯೂಸರ್ ಸ್ಟೋರಿಗಳನ್ನೂ ಬರೆದು ಕೊಡುತ್ತವೆ, ನಮ್ಮ ಕೆಲಸ ಉಳಿಯುತ್ತದೆಯೇ ಎಂದು ಹೆದರಿದ್ದೀಯೆ. ನಾನೂ ಅವನ್ನು ಬಳಸುತ್ತೇನೆ, ಟಿಪ್ಪಣಿ ಚೆನ್ನಾಗಿಯೇ ಬರುತ್ತದೆ. ಆದರೆ ಆ ನೀಲಿ ನೋಟ್‌ಬುಕ್ ಯಾವ ಮೀಟಿಂಗಿನಲ್ಲೂ ಮಾತಿಗೆ ಬಂದಿರಲಿಲ್ಲ. ಮಾತಿಗೇ ಬಾರದ್ದನ್ನು ಟಿಪ್ಪಣಿ ಮಾಡುವುದು ಹೇಗೆ?

ಇನ್ನು ಮೀಟಿಂಗು. ಏನು ತೀರ್ಮಾನವಾಯಿತು, ಯಾರು, ಯಾವಾಗ, ಯಾವ ಪ್ರಶ್ನೆ ಉಳಿಯಿತು, ಈ ನಾಲ್ಕನ್ನು ಅದೇ ದಿನ ಇಮೇಲ್ ಮಾಡು. ಮರುದಿನಕ್ಕೆ ಜನರ ನೆನಪು ತಮಗೆ ಬೇಕಾದ ಕಡೆ ವಾಲಿರುತ್ತದೆ. ಎರಡು ವಿಭಾಗಗಳು ಜಗಳಕ್ಕೆ ಬಿದ್ದರೆ ನೀನು ತೀರ್ಪು ಕೊಡಲು ಹೋಗಬೇಡ, ಇವರ ಮಾತು ಅವರಿಗೆ ಅವರ ಮಾತು ಇವರಿಗೆ ಮುಟ್ಟಿಸುವ ನಾರದನೂ ಆಗಬೇಡ. ಇಬ್ಬರ ಅಭಿಪ್ರಾಯ, ಎರಡರ ಪರಿಣಾಮ, ಒಂದು ಪುಟದಲ್ಲಿ ಬರೆದು, ತೀರ್ಮಾನಿಸಬೇಕಾದವರ ಮೇಜಿನ ಮೇಲಿಡು. ಇದನ್ನು ಹೇಳುವುದು ಸುಲಭ. ನನಗೆ ಈಗಲೂ ಪೂರ್ತಿ ಬಂದಿಲ್ಲ, ಒಂದು ಪಕ್ಷದ ಕಡೆ ಮನಸ್ಸು ವಾಲಿ ಪದಗಳಲ್ಲಿ ಅದು ಕಾಣಿಸಿಬಿಡುತ್ತದೆ.

ಒಂದು ಅಭ್ಯಾಸ ಮಾತ್ರ ಹೆದರಿಕೆಯಿಂದ ಬಂದದ್ದು. ಇಲ್ಲಿನವರ ಉಚ್ಚಾರಣೆ ಮೊದಲಿಗೆ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಹಾಗಾಗಿ ಪ್ರತಿ ಮಾತಿನ ಕೊನೆಗೆ "ನೀವು ಹೇಳಿದ್ದು ಹೀಗೆ ತಾನೇ?" ಎಂದು ನನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೆ ಹತ್ತರಲ್ಲಿ ನಾಲ್ಕು ಸಲ ಅವರೇ "ಅಲ್ಲ, ಹಾಗಲ್ಲ" ಎಂದು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಿದ್ದರು. ಈಗ ಉಚ್ಚಾರಣೆ ಚೆನ್ನಾಗಿ ತಿಳಿಯುತ್ತದೆ, ತಿರುಗಿ ಹೇಳುವುದನ್ನು ಮಾತ್ರ ಬಿಟ್ಟಿಲ್ಲ. ನೀನು ನಿನ್ನ ಭಾಷೆಯವರ ಜೊತೆಯೇ ಕೆಲಸ ಮಾಡಿದರೂ ಹಾಗೆ ಮಾಡು.

ಆ ಹಿರಿಯ ಮಹಿಳೆಯ ವಿಷಯ ಅರ್ಧಕ್ಕೆ ನಿಲ್ಲಿಸಿದೆ. ಅವರ ಗುರುತುಗಳೆಲ್ಲ ಹೊಸ ವ್ಯವಸ್ಥೆಗೆ ಸೇರಿದವು, ಪರದೆಯಲ್ಲಿ ಅದಕ್ಕೊಂದು ಜಾಗವಾಯಿತು, ಅವರಿಗೂ ಸಮಾಧಾನವಾಯಿತು. ಮೂರು ತಿಂಗಳ ಮೇಲೆ ಹೇಗಿದೆ ಎಂದು ವಿಚಾರಿಸಲು ಅವರ ಮೇಜಿಗೆ ಹೋದೆ. ಎಲ್ಲ ಚೆನ್ನಾಗಿದೆ ಎಂದರು. ಕೀಬೋರ್ಡಿನ ಪಕ್ಕ ಒಂದು ನೋಟ್‌ಬುಕ್ ಇತ್ತು. ಈ ಸಲ ಕೆಂಪು ರಟ್ಟಿನದು. ನಾನು ಏನೂ ಮಾತಾಡದೆ ಕುರ್ಚಿ ಎಳೆದುಕೊಂಡು ಕುಳಿತೆ.

ಅಮ್ಮ ಅಪ್ಪನಿಗೆ ನಮಸ್ಕಾರ ತಿಳಿಸು. ಕಂಪನಿಯ ದಾಖಲೆಗಳನ್ನು ನನಗೆ ಕಳುಹಿಸಬೇಡ, ಅದು ತಪ್ಪು. ನಿನ್ನ ಪದಗಳ ಪಟ್ಟಿಯಲ್ಲಿ ಮೊದಲು ಯಾವ ಪದ ಸೇರಿತು ಎಂದು ಮಾತ್ರ ಬರೆ.

ನಿನ್ನ ಅಕ್ಕ