ಪುಟ್ಟಿಯ ಉಲ್ಟಾ ‘ಅ’

ಮಂಗಳೂರು,
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ಮನೆ ಸಮಾಚಾರವೆಲ್ಲ ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಗೆ ಸಣ್ಣದಾಗಿ ಒಂದು ಸಾಲು ಇತ್ತಲ್ಲ, ‘ಪುಟ್ಟಿ ಅ, 3 ಎಲ್ಲ ಉಲ್ಟಾ ಬರೀತಾಳೆ, ಅವಳ ತಲೆಯಲ್ಲೇ ಏನಾದರೂ ದೋಷವಾ ದೊಡ್ಡಪ್ಪ?’ ಅಂತ. ನಾಲ್ಕು ದಿನದಿಂದ ನನಗೆ ನಿದ್ದೆ ಇಲ್ಲ.

ದೋಷ ಇಲ್ಲ ಮಾರಾಯ್ತಿ. ಅವಳಿಗಿನ್ನೂ ಐದೂವರೆ. ಬೆಕ್ಕು ಎಡಕ್ಕೆ ಮುಖ ಮಾಡಿದರೂ ಬಲಕ್ಕೆ ಮಾಡಿದರೂ ಬೆಕ್ಕೇ ಅಲ್ವಾ? ಮಿದುಳಿನ ಲೆಕ್ಕ ಹಾಗೆ. ಅಕ್ಷರದ ವಿಷಯದಲ್ಲಿ ಮಾತ್ರ ಆ ಅಭ್ಯಾಸ ಬಿಡಬೇಕು, ಅದಕ್ಕೆ ಸಮಯ ಬೇಕು. ಮಾತು ಕೇಳಿ ಕೇಳಿಯೇ ಬರುತ್ತದೆ. ಬರಹ ಶುರುವಾಗಿ ಸುಮಾರು 5000 ವರ್ಷ ಅಷ್ಟೆ, ಅದಕ್ಕೆಂದು ಮಿದುಳಿನಲ್ಲಿ ಹುಟ್ಟಿನಿಂದ ಜಾಗ ಇಲ್ಲ. ಓದು ಕಲಿಯುತ್ತಾ ಹೋದ ಹಾಗೆ, ಎಡಗಡೆ, ಮಿದುಳಿನ ಹಿಂಭಾಗದ ಅಡಿಯಲ್ಲಿ, ವಸ್ತು, ಮುಖ ಗುರುತಿಸುವ ಕಡೆ ಒಂದು ಮೂಲೆ ಅಕ್ಷರಕ್ಕೆ ಸಿಗುತ್ತದೆ. 1892ರಲ್ಲಿ ಪ್ಯಾರಿಸಿನ ವೈದ್ಯ ದೆಜರೀನ್ ಮಿದುಳಿನ ಒಂದು ಭಾಗ ಕೆಟ್ಟಿದ್ದ ಒಬ್ಬ ರೋಗಿಯ ಬಗ್ಗೆ ಬರೆದಿದ್ದರು. ಆತ ಬರೆಯುತ್ತಿದ್ದ, ಆದರೆ ತಾನು ಬರೆದದ್ದನ್ನೇ ಓದಲಾರ. ಓದಿಗೆ ಬೇರೆಯೇ ದಾರಿ ಇದೆ ಅಂತ ತಿಳಿದದ್ದು ಹೀಗೆ. ಪುಟ್ಟಿಯ ತಲೆ ಈಗ ಆ ದಾರಿ ಕಡಿಯುತ್ತಾ ಇದೆ.

ಪ್ರೆಸ್ಸಿನಲ್ಲಿ ನಾನು ಹಿಡಿದ ಸೀಸದ ಅಚ್ಚಿನ ಮೊಳೆಗಳೆಲ್ಲ ಕನ್ನಡಿಯಲ್ಲಿ ಕಂಡ ಅಕ್ಷರಗಳೇ. 1894ರಲ್ಲಿ ಕಿಟ್ಟೆಲ್ ನಿಘಂಟು ಇದೇ ಊರಿನಲ್ಲಿ ಅಚ್ಚಾಗುವಾಗಲೂ ಯಾರೋ ಹೀಗೇ ನಿಂತು ಜೋಡಿಸಿರಬೇಕು. ಮೊದಲ ತಿಂಗಳು ನನಗೆ ತಲೆ ತಿರುಗುತ್ತಿತ್ತು. ಆಮೇಲೆ ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ತಲೆಕೆಳಗಾದ ಸಾಲನ್ನೂ ಸರಾಗ ಓದುತ್ತಿದ್ದೆ.

ಅಂಥವನು ಮನೆಗೆ ಬಂದು ಏನು ಮಾಡಿದೆ? ಆರು ವರ್ಷದ ನಿನ್ನ ಅಪ್ಪ ಸ್ಲೇಟಿನಲ್ಲಿ ಅ ಉಲ್ಟಾ ಬರೆದಾಗ ಫೂಟ್‌ರೂಲಿನಿಂದ ಗೆಣ್ಣಿಗೆ ಹೊಡೆದೆ. ‘ತಲೆಯಲ್ಲಿ ಏನುಂಟು ನಿಂಗೆ, ಸೆಗಣಿಯಾ?’ ಅಂದೆ. ಅವತ್ತಿನಿಂದ ಅವನು ಎಡಗೈಯಿಂದ ಸ್ಲೇಟು ಮುಚ್ಚಿಕೊಂಡೇ ಬರೆಯುತ್ತಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಎಲ್ಲರಿಗೂ ಗೊತ್ತು. ಸ್ಲೇಟಿನ ವಿಷಯ ನಾನು ಯಾರಿಗೂ ಹೇಳಿಲ್ಲ.

ಅದಕ್ಕೇ ನೀನು ‘ತಲೆಯಲ್ಲೇ ದೋಷವಾ’ ಅಂದಾಗ ನನ್ನ ಮಾತೇ ನನಗೆ ಕೇಳಿಸಿತು. ಪುಟ್ಟಿಯ ಎದುರು ಆ ಮಾತು ಆಡಬೇಡ.

ಸಲಹೆ ಕೊಡಲು ನಾನು ಯಾರು? ಆದರೂ ಹೇಳುತ್ತೇನೆ. ಅಂಗಳದ ಹೊಯಿಗೆಯಲ್ಲಿ ಅವಳ ಬೆರಳು ಹಿಡಿದು ಅಕ್ಷರ ತೀಡಿಸು, ತೀಡುವಾಗ ಬಾಯಲ್ಲೂ ಹೇಳಿಸು. ರಾತ್ರಿ ಸುಮ್ನೆ ಒಂದು ಕಥೆ ಓದಿ ಹೇಳು. ಎಂಟು ತುಂಬಿದ ಮೇಲೂ ಓದುವುದಕ್ಕೇ ತುಂಬಾ ಒದ್ದಾಡಿದರೆ ತಿಳಿದವರಿಗೆ ತೋರಿಸು. ಆಗಲೂ ಅದು ಬುದ್ಧಿ ಕಡಿಮೆ ಅಂತ ಅಲ್ಲ. ಹೆದರಬೇಡ.

ಮುಂದಿನ ಪತ್ರದ ಜೊತೆ ಅವಳು ಬರೆದ ಹಾಳೆಯೊಂದನ್ನು ಇಡು. ತಿದ್ದಬೇಡ. ನಾನು ಹಾಗೇ ಓದುತ್ತೇನೆ.

ನಿನ್ನ,
ದೊಡ್ಡಪ್ಪ