ಬೊಂಬೆ ಸೈನಿಕರ ಗಂಡಭೇರುಂಡಕ್ಕೂ ಒಂದು ಮಳಿಗೆ ಕೊಡಿ

ಸಂಪಾದಕರೇ,

1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲ್‌ನ ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಅನ್ನೋ ಕುದುರೆ ಪಡೆ ಬಗ್ಗೆ ಶಾಲೆ ಮಕ್ಕಳಿಗೆ ಸರಿಯಾಗಿ ಗೊತ್ತೇ ಇಲ್ಲ, ಆದ್ರೆ 28 ಮಿಲಿಮೀಟರ್ ಸವಾರನ ಬೊಂಬೆ ಕೈಗೆ ಕೊಟ್ರೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತಾರೆ. ಅದಕ್ಕೇ ಈ ಪತ್ರ.

ಆ ಬೊಂಬೆಯ ಅಷ್ಟು ಚಿಕ್ಕ ಬಾವುಟದ ಮೇಲೆ ಗಂಡಭೇರುಂಡದ ಎರಡು ತಲೆ ಬ್ರಷ್‌ನಲ್ಲಿ ಬರೆಯೋದು ಎಲ್ರಿಗೂ ಆಗಲ್ಲ, ಆದ್ರೆ ಡೆಕಾಲ್, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ, ಹಚ್ಚೋದು ಯಾರು ಬೇಕಾದ್ರೂ ಕಲೀಬಹುದು. ಮ್ಯಾಟ್ ಪೇಂಟ್, ಅಂದ್ರೆ ಹೊಳಪಿಲ್ಲದ ಬಣ್ಣದ ಮೇಲೆ ನೇರವಾಗಿ ಅಂಟಿಸಿದ್ರೆ ಅಡೀಲಿ ಗಾಳಿ ಸಿಕ್ಕಿ ಸುತ್ತ ಬೆಳ್ಳಗೆ ಮಿಂಚುತ್ತೆ, ನೋಡೋಕಾಗಲ್ಲ, ಅದಕ್ಕೆ ಮೊದಲು ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆದು ಒಣಗಿಸಬೇಕು. ಆಮೇಲೆ ಡೆಕಾಲನ್ನ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕಾಗದದಿಂದ ಬ್ರಷ್‌ನಲ್ಲಿ ಮೆಲ್ಲಗೆ ಜಾರಿಸಬೇಕು. ಮಡಿಕೆ ಇರೋ ಕಡೆ ಮೇಲೆ ಮೈಕ್ರೋ ಸೋಲ್ ಅನ್ನೋ, ಡೆಕಾಲ್ ಮೆತ್ತಗೆ ಮಾಡೋ ದ್ರವ ಸವರಿದ್ರೆ ಡೆಕಾಲ್ ಫಿಲ್ಮ್ ಮೊದಲು ಸುಕ್ಕಾಗುತ್ತೆ, ಆಗ ಕೈ ಹಾಕಬಾರದು, ಒಣಗ್ತಾ ತಾನೇ ಮಡಿಕೆಗೆ ಕೂತ್ಕೊಳ್ಳುತ್ತೆ. ಕೊನೇಲಿ ಮ್ಯಾಟ್ ವಾರ್ನಿಷ್. ಮನೇಲಿ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಡೆಕಾಲ್ ಪ್ರಿಂಟ್ ಮಾಡೋರು ನೀರಿಗೆ ಹಾಕೋ ಮುಂಚೆ ಕ್ಲಿಯರ್ ಸ್ಪ್ರೇ ಹೊಡೀಲೇಬೇಕು, ಇಲ್ಲಾಂದ್ರೆ ಇಂಕ್ ಕರಗಿಹೋಗುತ್ತೆ. ಇನ್ನೊಂದು, ಆ ಪ್ರಿಂಟರ್‌ಗೆ ಬಿಳಿ ಬಣ್ಣ ಬರಲ್ಲ, ಬೊಂಬೆಯ ಗಾಢ ಬಣ್ಣದ ಬಟ್ಟೆ ಮೇಲೆ ಬಿಳಿ ಡೆಕಾಲ್ ಪೇಪರೇ ಬೇಕು.

ಇದನ್ನೆಲ್ಲ ಕೂತು ತೋರಿಸಿಕೊಡೋಕೆ ದಸರಾ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಮಳಿಗೆ ಕೊಡಿ ಅಂತ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ. ಬೊಂಬೆ ಕೂರಿಸೋ ಊರು ನಮ್ದು, ಮಕ್ಕಳು ತಾವೇ ಬಣ್ಣ ಹಚ್ಚಿದ ಸವಾರರನ್ನ ಆ ಸಾಲಲ್ಲಿ ನಿಲ್ಲಿಸಲಿ.

— ಒಬ್ಬ ಓದುಗ, ಸರಸ್ವತಿಪುರಂ, ಮೈಸೂರು